ರಸ್ತೆಗೆ ಎಷ್ಟು ಪೆಟ್ಟು ಬೇಕು?

ಇತಿಹಾಸ, ಅರ್ಥಶಾಸ್ತ್ರ ಓದುವವನಿಗೆ ಡಾಂಬರಿನ ಗೊಡವೆಯೇಕೆಂದು ಗೆಳೆಯರು ನಗಬಹುದು. ಆದರೆ ಹಳ್ಳಿಯಿಂದ ಬಸ್ಸಿನಲ್ಲಿ ಕಾಲೇಜಿಗೆ ಬಂದು, ಮನೆತನದಲ್ಲಿ ಮೊದಲ ಪದವೀಧರರಾಗಬೇಕೆಂದಿರುವ ನನ್ನಂಥವರಿಗೆ ರಸ್ತೆ ಕೆಟ್ಟರೆ ಪಾಠವೇ ನಿಂತಂತೆ. ಆದುದರಿಂದ ರಸ್ತೆಯ ಒಳಗುಟ್ಟೊಂದನ್ನು ಇಲ್ಲಿ ವಿವರಿಸಲು ಬಯಸುತ್ತೇನೆ.

ಡಾಂಬರು ರಸ್ತೆಯೆಂದರೆ ಜಲ್ಲಿ, ಕಲ್ಲುಪುಡಿ, ಡಾಂಬರು. ಇವುಗಳ ನಡುವೆ ಸ್ವಲ್ಪ ಗಾಳಿ. ಈ ಗಾಳಿ ನೂರಕ್ಕೆ 3ರಿಂದ 5 ಭಾಗವಿರುವುದು ಲೇಸು. ಹೆಚ್ಚಾದರೆ ನೀರು ನುಗ್ಗಿ ಜಲ್ಲಿ ಕಿತ್ತುಬರುತ್ತದೆ. ತೀರ ಕಡಿಮೆಯಾದರೆ ಬೇಸಗೆಯಲ್ಲಿ ಡಾಂಬರು ಮೇಲಕ್ಕುಕ್ಕಿ, ಗಾಲಿಯ ಜಾಡು ಹಳ್ಳ ಬೀಳುತ್ತದೆ.

ಡಾಂಬರಿನ ಪ್ರಮಾಣವನ್ನು ಪ್ರಯೋಗಶಾಲೆಯಲ್ಲಿ ಗೊತ್ತುಮಾಡುವ ವಿಧಾನವೊಂದನ್ನು 1939ರ ಸುಮಾರಿಗೆ ಅಮೆರಿಕದ ಮಿಸಿಸಿಪಿ ರಾಜ್ಯದ ಹೆದ್ದಾರಿ ಇಲಾಖೆಯ ಬ್ರೂಸ್ ಮಾರ್ಷಲ್ ರೂಪಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ಎಂಜಿನಿಯರರು ಅದನ್ನು ವಿಮಾನ ನಿಲ್ದಾಣಗಳಿಗಾಗಿ ತಿದ್ದಿ ಬೆಳೆಸಿದರು. ಬಿಸಿ ಮಿಶ್ರಣವನ್ನು ಸುಮಾರು 10 ಸೆಂಟಿಮೀಟರ್ ಅಗಲದ ಅಚ್ಚಿಗೆ ತುಂಬಿ, 4.5 ಕಿಲೋಗ್ರಾಂ ತೂಕದ ಸುತ್ತಿಗೆಯನ್ನು ಸುಮಾರು 46 ಸೆಂಟಿಮೀಟರ್ ಎತ್ತರದಿಂದ ಅದರ ಎರಡೂ ಮಗ್ಗುಲಿಗೆ ಬೀಳಿಸುವರು. ಸಂಚಾರ ಲಘುವಾದರೆ 35 ಪೆಟ್ಟು, ಮಧ್ಯಮವಾದರೆ 50, ಭಾರಿಯಾದರೆ 75.

ಈ ಭೇದವೇಕೆ? ರಸ್ತೆ ಹಾಸಿದ ದಿನ ರೋಲರು ಅದನ್ನು ಪೂರ್ತಿ ಅದುಮುವುದಿಲ್ಲ. ಉಳಿದ ಕೆಲಸವನ್ನು ಮುಂದಿನ ಕೆಲವು ಬೇಸಗೆಗಳಲ್ಲಿ ವಾಹನಗಳೇ ಮಾಡುತ್ತವೆ. ಅವು ಕೊನೆಗೆ ತಂದು ನಿಲ್ಲಿಸುವ ಸಾಂದ್ರತೆಯನ್ನು ಅಚ್ಚಿನಲ್ಲಿ ಮುಂಚಿತವಾಗಿಯೇ ಕಾಣಬೇಕು.

ಪೆಟ್ಟು ಹೆಚ್ಚಿದಷ್ಟೂ ರಸ್ತೆ ಗಟ್ಟಿಯೆಂದು ತಿಳಿಯುವುದು ಸಹಜ. ನಿಜಸ್ಥಿತಿ ಹಾಗಿಲ್ಲ. ಪೆಟ್ಟು ಹೆಚ್ಚಿದರೆ ಜಲ್ಲಿ ಒತ್ತಾಗಿ ಕೂತು, ಡಾಂಬರಿಗೆ ಎಡೆ ಕಡಿಮೆಯಾಗುತ್ತದೆ. ಆದುದರಿಂದ ಲೆಕ್ಕಕ್ಕೆ ಬರುವ ಡಾಂಬರೂ ಕಡಿಮೆ. ಲಾರಿಗಳ ಸಾಲೇ ಓಡುವ ಹೆದ್ದಾರಿಗೆ ಇದು ತಕ್ಕುದು. ನಮ್ಮ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವೂ ಹೆದ್ದಾರಿಯ ಮೇಲ್ಪದರದ ಮಿಶ್ರಣಕ್ಕೆ 75 ಪೆಟ್ಟನ್ನೇ ವಿಧಿಸಿದೆ. ಆದರೆ ದಿನಕ್ಕೆ ನಾಲ್ಕು ಬಸ್ಸು, ಕೆಲವು ಟ್ರ್ಯಾಕ್ಟರು ಓಡುವ ದಾರಿಗೆ ಅದೇ ಅಳತೆ ಹಿಡಿದರೆ, ಅದುಮಲು ಬೇಕಾದ ವಾಹನಗಳು ಬರುವುದೇ ಇಲ್ಲ. ಡಾಂಬರು ಸಾಲದ ಆ ಮಿಶ್ರಣದಲ್ಲಿ ಗಾಳಿ ಉಳಿದು, ನೀರು ಹೊಕ್ಕು, ರಸ್ತೆ ಬೇಗನೆ ಬಿರಿಯುತ್ತದೆ.

ಅಮೆರಿಕದಲ್ಲಿ 1990ರ ದಶಕದಲ್ಲಿ ಸುತ್ತಿಗೆಯ ಬದಲು, ಮಿಶ್ರಣವನ್ನು ಓರೆಯಾಗಿ ತಿರುಗಿಸುತ್ತ ಒತ್ತುವ ಯಂತ್ರ ಬಳಕೆಗೆ ಬಂದಿತು. ಅಲ್ಲಿಯೂ ಪ್ರಶ್ನೆ ತಪ್ಪಲಿಲ್ಲ: ಎಷ್ಟು ಸುತ್ತು? ಡಾಂಬರು ಸಾಲದಾಯಿತೆಂದು ಕಂಡು ಹಲವು ರಾಜ್ಯಗಳು ಸುತ್ತುಗಳನ್ನು ಇಳಿಸಿದವು.

ಹೀಗೆ ಪೆಟ್ಟಿನ ಸಂಖ್ಯೆ ನಿಂತಿರುವುದು ಸಂಚಾರದ ಎಣಿಕೆಯ ಮೇಲೆ. ಹಳ್ಳಿಯ ರಸ್ತೆಗೆ ಸಲ್ಲಬೇಕಾದ ಮೊದಲ ಮರ್ಯಾದೆಯೆಂದರೆ, ಅದರ ಮೇಲೆ ನಿಜವಾಗಿ ಓಡಾಡುವ ಗಾಡಿಗಳನ್ನು ಯಾರಾದರೂ ನಿಂತು ಎಣಿಸುವುದು.