ಟ್ಯಾಂಕ್ ತುಂಬಿದರೆ ಮೋಟಾರ್ ನಿಲ್ಲಬೇಕು, ಅಷ್ಟೇ ತಾನೇ?

ಬೆಂಗಳೂರಿನ ಬಡಾವಣೆಗಳಲ್ಲಿ ಬೆಳಗಿನ ಹೊತ್ತು ಓಡಾಡಿದರೆ ಒಂದಲ್ಲ ಒಂದು ಮನೆಯ ತಾರಸಿಯಿಂದ ನೀರು ಸುರಿಯುವುದು ಕಾಣುತ್ತದೆ. ಯಾರೋ ಮೋಟಾರ್ ಹಾಕಿ ಮರೆತಿದ್ದಾರೆ. ಸಂಪಿನಿಂದ ಮೇಲೇರಿದ ನೀರು ಟ್ಯಾಂಕ್ ತುಂಬಿ, ಓವರ್‌ಫ್ಲೋ ಪೈಪಿನಿಂದ ನೇರವಾಗಿ ಚರಂಡಿ ಸೇರುತ್ತಿದೆ. ಎಲೆಕ್ಟ್ರಾನಿಕ್ಸ್ ಹವ್ಯಾಸದವರು ಮನೆಗಾಗಿ ಏನಾದರೂ ಮಾಡೋಣವೆಂದು ಹೊರಟಾಗ ಮೊದಲು ಕೈ ಹಾಕುವ ಕೆಲಸಗಳಲ್ಲಿ ಇದೂ ಒಂದು. ನೀರು ತಳ ಕಂಡಾಗ ಮೋಟಾರ್ ಶುರುವಾಗಬೇಕು, ಟ್ಯಾಂಕ್ ತುಂಬಿದಾಗ ನಿಲ್ಲಬೇಕು. ಕೇಳಲು ಒಂದೇ ಸಾಲಿನ ಕೆಲಸ. ಅದನ್ನು ಮಾಡುವ ದಾರಿಗಳು ಮಾತ್ರ ಹಲವು.

ಎಲ್ಲಕ್ಕಿಂತ ಸರಳವಾದದ್ದು ಫ್ಲೋಟ್ ಸ್ವಿಚ್. ವೈರಿನ ತುದಿಗೆ ತೇಲುವ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಉರುಳಾಡುವ ಒಂದು ಗುಂಡು ಮತ್ತು ಸಣ್ಣ ಸ್ವಿಚ್. ನೀರು ಇಳಿದಾಗ ಡಬ್ಬಿ ಕೆಳಕ್ಕೆ ಜೋತು ಬೀಳುತ್ತದೆ, ಏರಿದಾಗ ಮೇಲಕ್ಕೆ ಮಗುಚುತ್ತದೆ. ಗುಂಡು ಉರುಳಿ ಸ್ವಿಚ್ಚನ್ನು ಒತ್ತುತ್ತದೆ ಇಲ್ಲವೇ ಬಿಡುತ್ತದೆ. ವೈರಿಗೆ ಸಿಕ್ಕಿಸಿದ ತೂಕದ ಬಿಲ್ಲೆಯನ್ನು ಮೇಲೆ ಕೆಳಗೆ ಸರಿಸಿದರೆ ಯಾವ ಮಟ್ಟದಲ್ಲಿ ಆನ್, ಯಾವ ಮಟ್ಟದಲ್ಲಿ ಆಫ್ ಎಂಬುದು ತೀರ್ಮಾನವಾಗುತ್ತದೆ. ಚಿಪ್ ಇಲ್ಲ, ಪ್ರೋಗ್ರಾಂ ಇಲ್ಲ. ಕೆಟ್ಟರೆ ಬೀದಿಯ ಎಲೆಕ್ಟ್ರಿಷಿಯನ್ ಬಂದು ಅರ್ಧ ಗಂಟೆಯಲ್ಲಿ ಬದಲಾಯಿಸಬಲ್ಲ.

ಆದರೆ ಹವ್ಯಾಸಿಗೆ ಇದರಲ್ಲಿ ಬೆಸುಗೆ ಹಾಕುವ ಖುಷಿಯೇ ಇಲ್ಲ. ಹೀಗಾಗಿ ಎರಡನೇ ದಾರಿ: 555 ಟೈಮರ್.

ಈ ಚಿಪ್ಪಿನ ಹುಟ್ಟಿನಲ್ಲೇ ಸರಳತೆಯ ಒಂದು ಕಥೆಯಿದೆ. ಸ್ವಿಟ್ಜರ್‌ಲೆಂಡ್ ಮೂಲದ ಹಾನ್ಸ್ ಕ್ಯಾಮೆನ್‌ಜಿಂಡ್ 1971ರಲ್ಲಿ ಅಮೆರಿಕದ ಸಿಗ್ನೆಟಿಕ್ಸ್ ಕಂಪನಿಗಾಗಿ ಇದನ್ನು ವಿನ್ಯಾಸ ಮಾಡಿದರು. ಮೊದಲ ವಿನ್ಯಾಸಕ್ಕೆ ಒಂಬತ್ತು ಪಿನ್ ಬೇಕಿತ್ತು. ಕೆಪಾಸಿಟರ್ ತುಂಬಲು ಚಿಪ್ಪಿನೊಳಗೆ ಸ್ಥಿರ ಕರೆಂಟಿನ ಸರ್ಕ್ಯೂಟ್ ಇಡುವ ಬದಲು ಹೊರಗೊಂದು ರೆಸಿಸ್ಟರ್ ಹಾಕಿದರೆ ಸಾಕೆಂದು ಅವರಿಗೆ ಆಮೇಲೆ ಹೊಳೆಯಿತು. ಒಂದು ಪಿನ್ ಉಳಿಯಿತು, ಅಗ್ಗದ ಎಂಟು ಪಿನ್ನಿನ ಕವಚದಲ್ಲಿ ಚಿಪ್ ಹಿಡಿಯಿತು. 1972ರಲ್ಲಿ ಮಾರುಕಟ್ಟೆಗೆ ಬಂದ ಅದು ಇಂದಿಗೂ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ.

ನೀರಿನ ಕೆಲಸಕ್ಕೆ 555 ಹೇಳಿ ಮಾಡಿಸಿದಂತಿದೆ. ಎರಡನೇ ಪಿನ್ನಿನ ವೋಲ್ಟೇಜ್ ಸಪ್ಲೈಯ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದರೆ ಔಟ್‌ಪುಟ್ ಆನ್. ಆರನೇ ಪಿನ್ನಿನದು ಮೂರನೇ ಎರಡು ಭಾಗ ದಾಟಿದರೆ ಆಫ್. ಟ್ಯಾಂಕಿನ ತಳದಲ್ಲಿ ಪಾಸಿಟಿವ್ ಸರಳು, ಸ್ವಲ್ಪ ಮೇಲೆ ಎರಡನೇ ಪಿನ್ನಿನ ಸರಳು, ಬಾಯಿಯ ಹತ್ತಿರ ಆರನೇ ಪಿನ್ನಿನದು. ಪ್ರತಿ ಪಿನ್ನಿನಿಂದ ನೆಗೆಟಿವ್‌ಗೆ ದೊಡ್ಡ ಬೆಲೆಯ ಒಂದೊಂದು ರೆಸಿಸ್ಟರ್. ನೀರು ಎರಡನೇ ಪಿನ್ನಿನ ಸರಳನ್ನು ಬಿಟ್ಟಾಗ ಔಟ್‌ಪುಟ್‌ಗೆ ಜೋಡಿಸಿದ ರಿಲೇ ಟಿಕ್ಕೆನ್ನುತ್ತದೆ, ಮೋಟಾರ್ ಓಡುತ್ತದೆ. ಮೇಲಿನ ಸರಳು ಮುಟ್ಟಿದಾಗ ನಿಲ್ಲುತ್ತದೆ. ನಡುವಿನ ಮಟ್ಟದಲ್ಲಿ ಚಿಪ್ ತಾನಿದ್ದ ಸ್ಥಿತಿಯನ್ನೇ ಹಿಡಿದುಕೊಂಡಿರುತ್ತದೆ, ಆದ್ದರಿಂದ ಅಲೆ ಎದ್ದರೆ ಮೋಟಾರ್ ಪದೇ ಪದೇ ಆನ್ ಆಫ್ ಆಗುವುದಿಲ್ಲ. ತೊಂದರೆ ಇರುವುದು ಸರಳುಗಳಲ್ಲಿ. ಸದಾ ಒಂದೇ ದಿಕ್ಕಿಗೆ ಕರೆಂಟ್ ಹರಿಯುವುದರಿಂದ ಪಾಸಿಟಿವ್ ಸರಳು ಸವೆಯುತ್ತದೆ, ಬೋರ್‌ವೆಲ್ಲಿನ ಗಡಸು ನೀರಾದರೆ ಸರಳುಗಳಿಗೆ ಬಿಳಿ ಪದರ ಕಟ್ಟುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೂ ಆಗಾಗ ಉಜ್ಜುವ ಕೆಲಸ ತಪ್ಪದು.

ಮೂರನೇ ದಾರಿ ಮೈಕ್ರೋಕಂಟ್ರೋಲರ್, ಅಂದರೆ ಪ್ರೋಗ್ರಾಂ ಹಾಕಬಹುದಾದ ಚಿಪ್. ಎಲೆಕ್ಟ್ರಾನಿಕ್ಸ್ ಓದದ ವಿನ್ಯಾಸ ವಿದ್ಯಾರ್ಥಿಗಳೂ ಬಳಸಲೆಂದು 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಆರ್ಡುಯಿನೊ ಎಂಬ ಮೈಕ್ರೋಕಂಟ್ರೋಲರ್ ಬೋರ್ಡ್ ಹುಟ್ಟಿತು. 2014ರಲ್ಲಿ ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಚಿಪ್ ಬಂದ ಮೇಲೆ ವೈಫೈ ಕೂಡ ಹವ್ಯಾಸಿಯ ಕೈಗೆಟುಕಿತು. ಟ್ಯಾಂಕಿನ ಮುಚ್ಚಳಕ್ಕೆ ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸಿದರೆ ಅದು 40 ಕಿಲೋಹರ್ಟ್ಸ್ ಶಬ್ದ ಬಿಟ್ಟು, ಪ್ರತಿಧ್ವನಿ ಬರುವ ಹೊತ್ತನ್ನು ಅಳೆದು ನೀರಿನ ಮಟ್ಟ ಹೇಳುತ್ತದೆ. ಸರಳು ಸವೆಯುವ ಗೋಳಿಲ್ಲ. ಮೊಬೈಲಿನಲ್ಲೇ ಟ್ಯಾಂಕ್ ನೋಡಬಹುದು.

ಆದರೆ ಪ್ರಶ್ನೆಗಳೂ ಹೆಚ್ಚುತ್ತವೆ. ಸೆನ್ಸರಿನ ಉತ್ತರ 5 ವೋಲ್ಟ್, ಇಎಸ್‌ಪಿ ತಡೆದುಕೊಳ್ಳುವುದು 3.3 ವೋಲ್ಟ್, ನಡುವೆ ಎರಡು ರೆಸಿಸ್ಟರ್ ಬೇಕು. ಮುಚ್ಚಿದ ಟ್ಯಾಂಕಿನ ಹಬೆ ಸೆನ್ಸರಿನ ಮೇಲೆ ಹನಿಯಾಗಿ ಕೂತರೆ ಲೆಕ್ಕ ತಪ್ಪುತ್ತದೆ. ಗಾಳಿ 20 ಡಿಗ್ರಿಯಿಂದ 40 ಡಿಗ್ರಿಗೆ ಕಾದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 12 ಮೀಟರ್ ಏರುತ್ತದೆ, ಒಂದು ಮೀಟರ್ ಅಳತೆಯಲ್ಲಿ ಮೂರೂವರೆ ಸೆಂಟಿಮೀಟರಿನಷ್ಟು ವ್ಯತ್ಯಾಸ ಬರುತ್ತದೆ. ಎರಡು ಕಾಂಕ್ರೀಟ್ ಛಾವಣಿ ದಾಟಿ ವೈಫೈ ತಲುಪುತ್ತದೆಯೇ? ರೌಟರ್ ಕೈಕೊಟ್ಟ ದಿನ ಮೋಟಾರ್ ಏನು ಮಾಡಬೇಕು? ಇದಕ್ಕೆಲ್ಲ ಉತ್ತರವನ್ನು ಕಟ್ಟುವವರೇ ಬರೆದಿಡಬೇಕು.

ಹಾಗಾದರೆ ಫ್ಲೋಟ್ ಸಾಕಲ್ಲವೇ? ಬಹುಪಾಲು ಮನೆಗಳಿಗೆ ಸಾಕು. ಕಾವೇರಿ ನೀರು ಬಾರದೆ ಸಂಪ್ ಬರಿದಾದಾಗ ಮೋಟಾರ್ ಒಣಗಿ ಓಡಬಾರದೆಂದರೂ ಚಿಪ್ ಬೇಕಿಲ್ಲ. ಸಂಪಿನಲ್ಲಿ ಇನ್ನೊಂದು ಫ್ಲೋಟ್ ಇಟ್ಟು, ಎರಡನ್ನೂ ಸರಣಿಯಲ್ಲಿ ಜೋಡಿಸಿದರಾಯಿತು: ಮೇಲೆ ಖಾಲಿ, ಕೆಳಗೆ ನೀರು, ಎರಡೂ ನಿಜವಾದರೆ ಮಾತ್ರ ಮೋಟಾರ್ ಓಡುತ್ತದೆ.

ಫ್ಲೋಟ್ ಸೋಲುವುದು ಕಾಲದ ಪ್ರಶ್ನೆ ಬಂದಾಗ. ಸಂಪಿನಲ್ಲಿ ನೀರಿದೆ, ಆದರೆ ಪಂಪ್ ಗಾಳಿ ಹಿಡಿದಿದೆ ಅಥವಾ ಫುಟ್‌ವಾಲ್ವ್ ಸೋರುತ್ತಿದೆ. ಮೋಟಾರ್ ತಿರುಗುತ್ತದೆ, ನೀರು ಮೇಲೇರುವುದಿಲ್ಲ, ತಂಪು ಸಿಗದೆ ಪಂಪಿನ ಸೀಲ್ ಸುಡುತ್ತದೆ. ಇಲ್ಲಿ ಬೇಕಿರುವುದು ‘ಶುರುವಾಗಿ ಹತ್ತು ನಿಮಿಷವಾದರೂ ಮಟ್ಟ ಏರದಿದ್ದರೆ ನಿಲ್ಲಿಸು’ ಎಂಬ ಆಜ್ಞೆ. 555ರಿಂದ ಇದನ್ನು ಮಾಡಲು ಇನ್ನೊಂದು ಟೈಮರ್, ಲಾಜಿಕ್ ಚಿಪ್, ಬೋರ್ಡಿನ ತುಂಬ ವೈರು ಬೇಕು. ಮೈಕ್ರೋಕಂಟ್ರೋಲರಿಗೆ ಕೆಲವೇ ಸಾಲು ಪ್ರೋಗ್ರಾಂ ಸೇರಿಸಿದರೆ ಮುಗಿಯಿತು, ಹತ್ತನ್ನು ಹದಿನೈದು ಮಾಡಲು ಬೆಸುಗೆ ಬಿಚ್ಚಬೇಕಿಲ್ಲ. ಈ ಹಂತದಲ್ಲಿ ಲಕ್ಷಗಟ್ಟಲೆ ಟ್ರಾನ್ಸಿಸ್ಟರಿನ ಚಿಪ್ಪೇ ಸರಳ ದಾರಿ. ಇಪ್ಪತ್ತೈದರ ಆಸುಪಾಸಿನ ಟ್ರಾನ್ಸಿಸ್ಟರ್ ಇರುವ 555 ದಾರಿಯೇ ಜಟಿಲ.

ಯಾವ ದಾರಿ ಹಿಡಿದರೂ ಹವ್ಯಾಸಿಗಳು ಹಗುರವಾಗಿ ಕಾಣುವ ಜಾಗವೊಂದಿದೆ: ರಿಲೇ. ಕಿಟ್‌ಗಳಲ್ಲಿ ಬರುವ ನೀಲಿ ರಿಲೇ ಮೇಲೆ 10 ಆಂಪಿಯರ್ ಎಂದಿರುತ್ತದೆ. ಒಂದು ಎಚ್.ಪಿ. ಮೋಟಾರ್ ಓಡುವಾಗ ಎಳೆಯುವ ಕರೆಂಟ್ ಅದರೊಳಗೇ ಇರುತ್ತದೆ, ನಿಜ. ಆದರೆ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆ ಕಿಡಿಗೆ ರಿಲೇಯ ಬಿಂದುಗಳು ಅಂಟಿಕೊಂಡರೆ ಪ್ರೋಗ್ರಾಂ ನಿಲ್ಲು ಎಂದರೂ ಮೋಟಾರ್ ಕೇಳುವುದಿಲ್ಲ. ಚಿಕ್ಕ ರಿಲೇ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚನ್ನು ನಡೆಸಬೇಕು, ಮೋಟಾರಿನ ಭಾರವನ್ನು ಕಾಂಟ್ಯಾಕ್ಟರ್ ಹೊರಬೇಕು. 230 ವೋಲ್ಟಿನ ಆ ಜೋಡಣೆಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು.

ಹೊಸದಾಗಿ ಕಟ್ಟುವವರಿಗೆ ಫ್ಲೋಟ್, ಮೈಕ್ರೋಕಂಟ್ರೋಲರ್ ಎರಡನ್ನೂ ಬೆರೆಸುವ ದಾರಿಯೂ ಇದೆ. ಮೊದಲು ಎರಡು ಫ್ಲೋಟ್ ಹಾಕಿ ಮಳೆಗಾಲ, ಬೇಸಿಗೆ ಎರಡನ್ನೂ ನೋಡಬೇಕು. ಅವುಗಳಿಗೆ ಆಗದ ಕೆಲಸ ನಿಜಕ್ಕೂ ಎದುರಾದರೆ ಮೈಕ್ರೋಕಂಟ್ರೋಲರ್ ಸೇರಿಸಬಹುದು. ಆಗಲೂ ಫ್ಲೋಟ್‌ಗಳನ್ನು ಕಾಂಟ್ಯಾಕ್ಟರಿನ ಕಾಯಿಲ್‌ಗೆ ಹೋಗುವ ದಾರಿಯಲ್ಲಿ ಹಾಗೇ ಉಳಿಸಬೇಕು. ಪ್ರೋಗ್ರಾಂ ಸ್ತಬ್ಧವಾದರೂ, ಸೆನ್ಸರ್ ಸುಳ್ಳು ಹೇಳಿದರೂ ತುಂಬಿದ ಟ್ಯಾಂಕ್ ಮೋಟಾರನ್ನು ನಿಲ್ಲಿಸುತ್ತದೆ. ಸರ್ಕ್ಯೂಟಿನ ನಕ್ಷೆಯನ್ನು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿ, ಪ್ರೋಗ್ರಾಮಿನ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟರೆ, ಕಟ್ಟಿದವರು ಊರಲ್ಲಿಲ್ಲದ ದಿನ ಕೆಟ್ಟರೂ ಬೇರೊಬ್ಬರು ರಿಪೇರಿ ಮಾಡಬಹುದು.