ಮಗು ಸದಾ ಕೈ ಹೊಸೆಯುತ್ತಿದೆಯೇ?

ಎಳೆಯ ಮಕ್ಕಳು ಬೆರಳು ಚೀಪುವುದು, ನಿದ್ದೆ ಬರುವಾಗ ತಲೆ ಅಲ್ಲಾಡಿಸುವುದು, ಖುಷಿಯಾದಾಗ ಚಪ್ಪಾಳೆ ತಟ್ಟುವುದು ಸಹಜ. ಇದಕ್ಕೆ ಹೆದರಬೇಕಾಗಿಲ್ಲ. ಆದರೆ ರೊಟ್ಟಿ ಚೂರನ್ನು ತಾನೇ ಹಿಡಿದು ತಿನ್ನುತ್ತಿದ್ದ ಹೆಣ್ಣುಮಗು ಹಿಡಿಯುವುದನ್ನೇ ಮರೆತು, ಎಚ್ಚರವಿರುವಷ್ಟು ಹೊತ್ತೂ ಎದೆಯ ಮುಂದೆ ಕೈ ತೊಳೆಯುವಂತೆ ಹೊಸೆಯತೊಡಗಿದರೆ ಅದನ್ನು ಚಟವೆಂದು ಕಡೆಗಣಿಸಬೇಡಿ. ಅದು 'ರೆಟ್ ಸಿಂಡ್ರೋಮ್' ಎಂಬ ವಿರಳ ನರರೋಗವಿರಬಹುದು.

ಲಕ್ಷಣಗಳೇನು?

ಮೊದಲ 6ರಿಂದ 18 ತಿಂಗಳು ಮಗು ಚೆನ್ನಾಗಿಯೇ ಬೆಳೆಯುವಂತೆ ಕಾಣುತ್ತದೆ. ಬಳಿಕ ಕಲಿತ ಮಾತು, ಕೈಗೆಲಸ ಮರೆಯಾಗುತ್ತವೆ. ಕೈ ಹಿಂಡುವುದು, ತಟ್ಟುವುದು, ಬಾಯಿಗೆ ಒಯ್ಯುವುದು ಬಿಡುವಿಲ್ಲದೆ ನಡೆಯುತ್ತದೆ. ನಿದ್ದೆಯಲ್ಲಿ ಮಾತ್ರ ನಿಲ್ಲುತ್ತದೆ. ನಡಿಗೆ ತಪ್ಪುವುದು, ಹಲ್ಲು ಕಡಿಯುವುದು, ಉಸಿರು ಬಿಗಿಹಿಡಿಯುವುದು, ಫಿಟ್ಸ್, ಬೆನ್ನು ಬಾಗುವುದು ಜೊತೆಗೂಡಬಹುದು.

ಕಾರಣವೇನು?

ವಿಯೆನ್ನಾದ ಡಾ. ಆಂಡ್ರಿಯಾಸ್ ರೆಟ್ 1966ರಲ್ಲಿ ಈ ರೋಗವನ್ನು ವರ್ಣಿಸಿದರು. ಡಾ. ಹುದಾ ಜೋಗ್ಬಿ ಅವರ ತಂಡ 1999ರಲ್ಲಿ ಇದಕ್ಕೆ ಕಾರಣವಾದ ಜೀನನ್ನು ಎಕ್ಸ್ ವರ್ಣತಂತುವಿನಲ್ಲಿ ಗುರುತಿಸಿತು. ಸುಮಾರು 10,000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಇದು ಬರುತ್ತದೆ. ಗಂಡುಮಕ್ಕಳಲ್ಲಿ ತೀರಾ ಅಪರೂಪ. ಬಹುಪಾಲು ಮಕ್ಕಳಲ್ಲಿ ಜೀನಿನ ದೋಷ ಹೊಸದಾಗಿ ಉಂಟಾದದ್ದು. ಆದ್ದರಿಂದ ತಾಯಿಯ ಆಹಾರ, ಗ್ರಹಣ, ದೃಷ್ಟಿ ಇವು ಯಾವುವೂ ಕಾರಣವಲ್ಲ. ಸೊಸೆಯನ್ನು ದೂರುವುದು ಅನ್ಯಾಯ.

ಏನು ಮಾಡಬೇಕು?

ಹಠವೆಂದು ಗದರಬೇಡಿ, ಕೈ ಕಟ್ಟಿಹಾಕಬೇಡಿ. ಕೈ ಚಲನೆ ಮಗುವಿನ ಹಿಡಿತದಲ್ಲಿಲ್ಲ. ಚರ್ಮ ಹುಣ್ಣಾಗುತ್ತಿದ್ದರೆ ವೈದ್ಯರ ಸಲಹೆಯಂತೆ ಸ್ವಲ್ಪ ಹೊತ್ತು ಮೊಣಕೈಗೆ ಮೃದುವಾದ ಪಟ್ಟಿ ಹಾಕಬಹುದು. ಒಂದು ಕೈಯನ್ನು ನೀವು ಮೆಲ್ಲಗೆ ಹಿಡಿದುಕೊಂಡರೆ ಇನ್ನೊಂದು ಕೈ ಆಟಿಕೆಯತ್ತ ಚಾಚಬಹುದು. ಮಾತು ನಿಂತರೂ ಈ ಮಕ್ಕಳು ಕಣ್ಣಿನಿಂದ ಮಾತಾಡುತ್ತಾರೆ. ಬಟ್ಟಲು, ಲೋಟ ಎರಡನ್ನೂ ಮುಂದೆ ಹಿಡಿಯಿರಿ. ಯಾವುದನ್ನು ದಿಟ್ಟಿಸುತ್ತಾಳೋ ಅದನ್ನು ಕೊಡಿ.

ಪೂರ್ಣ ಗುಣಪಡಿಸುವ ಔಷಧಿಯಿಲ್ಲ. ಟ್ರೋಫಿನೆಟೈಡ್ ಎಂಬ ಔಷಧಿಗೆ 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ; ಅದು ಲಕ್ಷಣಗಳನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆ, ಅಷ್ಟೆ. ಫಿಟ್ಸ್‌ಗೆ ಗುಳಿಗೆ, ವ್ಯಾಯಾಮ, ಪೌಷ್ಟಿಕ ಆಹಾರ, ಬೆನ್ನೆಲುಬಿನ ತಪಾಸಣೆ ಇವೇ ಮುಖ್ಯ.

ಎಲ್ಲಿಗೆ ಹೋಗಬೇಕು?

ಇಂದೂರಿನಂಥ ಹಳ್ಳಿಯವರು ಮೊದಲು ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿಗೆ ಬಂದಾಗ ಮಗುವನ್ನು ತೋರಿಸಿ. ಮುಂಡಗೋಡ ತಾಲೂಕು ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ, ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬಹುದು. ರಕ್ತದ ಜೀನ್ ಪರೀಕ್ಷೆಯಿಂದ ರೋಗ ಖಚಿತವಾಗುತ್ತದೆ. ಅಂಗವಿಕಲರ ಗುರುತಿನ ಚೀಟಿಗೂ ಅರ್ಜಿ ಹಾಕಿ.

ನೆನಪಿಡಿ: ಮಗು ಹೊಸದನ್ನು ಕಲಿಯಲು ತಡವಾದರೆ ವೈದ್ಯರನ್ನು ಕೇಳಿ, ಕಲಿತದ್ದನ್ನು ಮರೆತರೆ ತಡಮಾಡದೆ ಹೋಗಿ.