ಮುತ್ಯಾನಿಂದ ಮೊಮ್ಮಕ್ಕಳಿಗೆ: ಬೀದರ್ ಸೀಮೆಯ ಕ್ರೈಸ್ತರ ಶೋಕ ಮತ್ತು ವಿಶ್ವಾಸ

ಬೀದರ್ ನಗರದ ಚಿದ್ರಿ, ಮಂಗಲಪೇಟೆಗಳಿಂದ ಭಾಲ್ಕಿ, ಔರಾದ್ ತಾಲ್ಲೂಕಿನ ಹಳ್ಳಿಗಳವರೆಗೆ ಹರಡಿರುವ ಕ್ರೈಸ್ತ ಕುಟುಂಬಗಳಲ್ಲಿ ಮುತ್ಯಾ, ಅಂದರೆ ಅಜ್ಜ, ಅಥವಾ ಆಯಿ, ಅಂದರೆ ಅಜ್ಜಿ, ತೀರಿಕೊಂಡಾಗ ಮನೆಯವರು ಕಳೆದುಕೊಳ್ಳುವುದು ಒಬ್ಬ ಹಿರಿಯರನ್ನಷ್ಟೇ ಅಲ್ಲ. ಆ ಮನೆಗೆ ಪ್ರಾರ್ಥನೆಯನ್ನೂ ಹಾಡನ್ನೂ ಕಲಿಸಿದವರು ಬಹಳ ಕಡೆ ಅವರೇ ಆಗಿರುತ್ತಾರೆ. ಈ ಸೀಮೆಯ ಶೋಕಾಚರಣೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಇಲ್ಲಿ ವಿಶ್ವಾಸವು ಯಾವ ದಾರಿಯಿಂದ ಮನೆಯೊಳಗೆ ಬಂತು ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿಯ ಬೋಧನೆಯಿಂದ ಹುಟ್ಟಿದ ಮೆಥೊಡಿಸ್ಟ್ ಪಂಥದ ಅಮೆರಿಕನ್ ಶಾಖೆಯು 1856ರಲ್ಲಿ ಉತ್ತರ ಭಾರತದಲ್ಲಿ ಕೆಲಸ ಆರಂಭಿಸಿ, 19ನೆಯ ಶತಮಾನ ಮುಗಿಯುವ ಹೊತ್ತಿಗೆ ನಿಜಾಮನ ಆಳ್ವಿಕೆಯಲ್ಲಿದ್ದ ಈ ಭಾಗಕ್ಕೂ ಕಾಲಿಟ್ಟಿತು. ಬೀದರಿನಲ್ಲಿ ಆಸ್ಪತ್ರೆಯೂ ಶಾಲೆಯೂ ತಲೆ ಎತ್ತಿದವು. ಆದರೆ ಕ್ರೈಸ್ತರಾದವರಲ್ಲಿ ಹೆಚ್ಚಿನವರು ಊರಾಚೆಯ ದಲಿತ ಕೇರಿಗಳ ಕೂಲಿಕಾರರಾಗಿದ್ದುದರಿಂದ, ಅಕ್ಷರ ಅವರ ಕೈಗೆ ಸಿಗುವುದಕ್ಕಿಂತ ಬಹಳ ಮೊದಲೇ ಧರ್ಮ ಅವರ ಬಾಯಿಗೆ ಬಂದಿತ್ತು. ಕನ್ನಡದಲ್ಲಿ ಪೂರ್ಣ ಬೈಬಲ್ 1831ರಷ್ಟು ಹಿಂದೆಯೇ ಬಳ್ಳಾರಿಯಲ್ಲಿ ಅಚ್ಚಾಗಿದ್ದರೂ ಓದಲು ಬಾರದವರಿಗೆ ಅದು ದೂರದ ವಸ್ತುವೇ ಆಗಿತ್ತು. ಹೀಗಾಗಿ ದೀಕ್ಷಾಸ್ನಾನಕ್ಕೆ, ಅಂದರೆ ನೀರಿನ ಮೂಲಕ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರಕ್ಕೆ, ಸಿದ್ಧರಾಗುವವರು ಕರ್ತನ ಪ್ರಾರ್ಥನೆ, ಹತ್ತು ಆಜ್ಞೆಗಳು ಮತ್ತು ಕ್ರೈಸ್ತ ನಂಬಿಕೆಯ ಸಾರವನ್ನು ಹೇಳುವ ವಿಶ್ವಾಸಪ್ರಮಾಣ, ಈ ಮೂರನ್ನೂ ಕೇಳಿ ಕೇಳಿಯೇ ಬಾಯಿಪಾಠ ಮಾಡಬೇಕಾಗಿತ್ತು.

ದುಡಿದು ಬಂದ ಮೇಲೆ ಸಂಜೆ ಕೇರಿಯಲ್ಲಿ ಕೂಡುತ್ತಿದ್ದ ಭಜನೆ ಆ ತಲೆಮಾರಿನ ನಿಜವಾದ ಪಾಠಶಾಲೆ. ಡೋಲಕ್ ಮತ್ತು ತಾಳದ ಜೊತೆ ಒಬ್ಬರು ಸಾಲನ್ನು ಎತ್ತಿಕೊಟ್ಟರೆ ಉಳಿದವರು ಅದನ್ನೇ ತಿರುಗಿ ಹಾಡುತ್ತಾರೆ. ತೊಡೆಯ ಮೇಲೆ ಕೂತ ಮಗುವೂ ನಾಲ್ಕಾರು ಸಲ ಕೇಳಿದ ಮೇಲೆ ದನಿಗೂಡಿಸುತ್ತದೆ. ಕನ್ನಡ, ಮರಾಠಿ, ತೆಲುಗು ಮೂರೂ ಬೆರೆಯುವ ಈ ಗಡಿಯಲ್ಲಿ ಹಾಡುಗಳೂ ಒಂದೇ ಭಾಷೆಗೆ ಕಟ್ಟುಬಿದ್ದವಲ್ಲ. ಈ ಕಲಿಕೆಯಲ್ಲಿ ಹೆಂಗಸರ ಪಾಲು ದೊಡ್ಡದು, ಮತ್ತು ಅದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ. ಬೈಬಲ್ಲಿನಲ್ಲಿಯೇ ಸಂತ ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಆ ತರುಣನ ವಿಶ್ವಾಸವು ಮೊದಲು ಅವನ ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನೀಕೆಯಲ್ಲಿ ನೆಲೆಸಿತ್ತೆಂದು ಹೆಸರು ಹಿಡಿದು ಹೇಳಲಾಗಿದೆ.

ಇಂಥ ಹಿರಿಯರು ತೀರಿಕೊಂಡಾಗ, ಅವರೇ ಎತ್ತಿಕೊಡುತ್ತಿದ್ದ ಹಾಡುಗಳನ್ನು ಅವರ ದೇಹದ ಸುತ್ತ ಕೂತು ಹಾಡುವುದು ಸಹಜವಾಗಿ ಬಂದ ರೂಢಿ. ಸಭಾಪಾಲಕರು, ಅಂದರೆ ಚರ್ಚಿನ ಪಾಸ್ಟರ್, ಮನೆಯಲ್ಲಿ ಪ್ರಾರ್ಥಿಸಿ, ಶವಪೆಟ್ಟಿಗೆಯನ್ನು ಸಮಾಧಿಗೆ ಇಳಿಸಿದ ಮೇಲೆ ಬೈಬಲ್ಲಿನ ವಾಕ್ಯ ಓದುತ್ತಾರೆ. ಮಕ್ಕಳು ಮೊಮ್ಮಕ್ಕಳು ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕುತ್ತಾರೆ. ಕೆಲವು ದಿನಗಳ ನಂತರ ಸ್ಮರಣೆಯ ಕೂಟವೆಂಬ ಪ್ರಾರ್ಥನಾಸಭೆ ಸೇರಿ, ಬಂದವರಿಗೆಲ್ಲ ಊಟ ಹಾಕುವುದುಂಟು. ಈ ಕೂಟದಲ್ಲಿ ಮೆಥೊಡಿಸ್ಟರು ಸತ್ತವರ ಆತ್ಮದ ಸದ್ಗತಿಗಾಗಿ ಬೇಡಿಕೊಳ್ಳುವುದಿಲ್ಲ, ಅವರ ಬಾಳಿಗಾಗಿ ದೇವರನ್ನು ಸ್ತುತಿಸಿ ಉಳಿದವರ ಸಾಂತ್ವನಕ್ಕಾಗಿ ಬೇಡುತ್ತಾರೆ. 2005ರಲ್ಲಿ ಸ್ಥಾಪನೆಯಾದ ಗುಲಬರ್ಗಾ ಧರ್ಮಪ್ರಾಂತ್ಯಕ್ಕೆ ಸೇರಿದ ಇಲ್ಲಿನ ಕಥೋಲಿಕರಾದರೋ, ಮರಣಾನಂತರ ಆತ್ಮವು ಶುದ್ಧಿ ಹೊಂದುತ್ತದೆಂದು ನಂಬುವುದರಿಂದ, ಮೃತರಿಗಾಗಿಯೇ ಬಲಿಪೂಜೆ, ಅಂದರೆ ಮಾಸ್, ಅರ್ಪಿಸುತ್ತಾರೆ ಮತ್ತು ನವೆಂಬರ್ 2ರಂದು ಸಮಾಧಿಗಳಿಗೆ ಹೂವು, ಮೇಣದಬತ್ತಿ ಇಡುತ್ತಾರೆ.

ವಿಶ್ವಾಸಿಗಳು ಅಳಬಾರದು, ಸತ್ತವರು ದೇವರ ಬಳಿಗೆ ಹೋದರೆಂದು ಸಂತೋಷಪಡಬೇಕು ಎಂಬ ಮಾತು ಇಂಥ ಮನೆಗಳಲ್ಲಿ ಕೆಲವೊಮ್ಮೆ ಕೇಳಿಬರುತ್ತದೆ. ಅದು ಶಾಸ್ತ್ರಕ್ಕೂ ಸರಿಹೊಂದದ ಮಾತು, ಎಳೆಯ ಮನಸ್ಸಿಗೆ ಭಾರವಾಗುವ ಮಾತು. ಗೆಳೆಯನಾದ ಲಾಜರನ ಸಮಾಧಿಯ ದಾರಿಯಲ್ಲಿ ಯೇಸುವೇ ಅತ್ತದ್ದನ್ನು ಯೋಹಾನನ ಸುವಾರ್ತೆ ದಾಖಲಿಸುತ್ತದೆ. ಪೌಲನು ಥೆಸಲೊನೀಕದವರಿಗೆ ಬರೆದದ್ದು ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿರೆಂದೇ ಹೊರತು ದುಃಖವೇ ಕೂಡದೆಂದಲ್ಲ. ಆದಿಕಾಂಡದಲ್ಲಿ ಮುದುಕನಾದ ಯಾಕೋಬನು ಕಣ್ಣು ಮಬ್ಬಾಗಿದ್ದರೂ ಮೊಮ್ಮಕ್ಕಳಾದ ಎಫ್ರಾಯೀಮ್ ಮತ್ತು ಮನಸ್ಸೆಯನ್ನು ಹತ್ತಿರ ಕರೆದು, ಕೈಗಳನ್ನು ಅಡ್ಡಲಾಗಿ ಚಾಚಿ, ಬಲಗೈಯನ್ನು ಕಿರಿಯವನ ತಲೆಯ ಮೇಲಿಟ್ಟು ಆಶೀರ್ವದಿಸುತ್ತಾನೆ. ಅವನು ಸತ್ತಾಗ ಐಗುಪ್ತದವರು, ಅಂದರೆ ಈಜಿಪ್ಟಿನವರು, 70 ದಿನ ಶೋಕಿಸುತ್ತಾರೆ, ಮಗ ಯೋಸೇಫನು ಹೂಳಲು ಒಯ್ಯುವ ದಾರಿಯಲ್ಲಿ ಮತ್ತೆ 7 ದಿನ ಗೋಳಾಡುತ್ತಾನೆ.

ತನ್ನ ಹಿರಿಯರ ಪಕ್ಕದಲ್ಲೇ ಮಣ್ಣಾಗಬೇಕೆಂದು ಯಾಕೋಬನು ಬಯಸಿದ್ದನು; ಅಂಥ ಬಯಕೆ ಇಂದಿಗೂ ಸುಲಭವಾಗಿ ಈಡೇರುವಂಥದ್ದಲ್ಲ. ಛತ್ತೀಸಗಢದ ಬಸ್ತರಿನಲ್ಲಿ, ಅಜ್ಜನನ್ನು ಹೂಳಿದ್ದ ಸ್ವಂತ ಊರಿನಲ್ಲೇ ತಂದೆಯನ್ನೂ ಹೂಳಲು ಕ್ರೈಸ್ತನೊಬ್ಬ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2025ರ ಜನವರಿ 27ರಂದು ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಭಿನ್ನವಾಗಿ, ಕೊನೆಗೆ ದೂರದ ಬೇರೆ ಊರಿನ ಕ್ರೈಸ್ತ ಸ್ಮಶಾನದಲ್ಲಿ ಹೂಳುವಂತೆ ಆದೇಶವಾಯಿತು. ಬೀದರಿನಂಥ ಸೀಮೆಯಲ್ಲಿ ಇನ್ನೊಂದು ಇಕ್ಕಟ್ಟೂ ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶವು ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನವನ್ನು ಕೊಡುವುದಿಲ್ಲ. ಆದ್ದರಿಂದ ಮುತ್ಯಾ ಕೊಟ್ಟುಹೋದ ವಿಶ್ವಾಸವನ್ನು ಬಹಿರಂಗವಾಗಿ ಒಪ್ಪಿಕೊಳ್ಳುವ ಮೊಮ್ಮಗಳು, ಅದೇ ಮುತ್ಯಾ ಅನುಭವಿಸಿದ ಅಸ್ಪೃಶ್ಯತೆಗೆ ಪರಿಹಾರವಾಗಿ ಬಂದ ಮೀಸಲಾತಿಯನ್ನು ಬಿಟ್ಟುಕೊಡಬೇಕಾಗುತ್ತದೆ. ಶೋಕದ ಹೊತ್ತಿನಲ್ಲೂ ಈ ಲೆಕ್ಕ ಬೆನ್ನು ಬಿಡದಿರುವುದು ಕ್ರೂರವೇ ಸರಿ.

ಭೂಮಿಯಿಲ್ಲದ, ಶಾಲೆ ಕಾಣದ ಇಂಥ ಎಷ್ಟೋ ಹಿರಿಯರ ಬಾಳಿನ ಲಿಖಿತ ಗುರುತು ಉಳಿದಿರುವುದು ಚರ್ಚಿನ ದೀಕ್ಷಾಸ್ನಾನ, ವಿವಾಹ, ಸಮಾಧಿಗಳ ದಫ್ತರುಗಳಲ್ಲಿ ಮಾತ್ರ. ತಂದೆತಾಯಿಯ ಹೆಸರು, ಊರು, ತಾರೀಖುಗಳಿರುವ ಆ ಪುಟಗಳು ಗೆದ್ದಲಿಗೂ ತೇವಕ್ಕೂ ಸುಲಭದ ತುತ್ತು. ಅಚ್ಚಾಗದ ಭಜನೆಗಳಂತೂ ಹಾಡುವ ಆಯಿಯೊಂದಿಗೇ ಹೋಗಿಬಿಡುತ್ತವೆ. ದಫ್ತರುಗಳ ಪುಟಗಳನ್ನು ಛಾಯಾಚಿತ್ರ ತೆಗೆದಿಡುವುದು, ಬದುಕಿರುವ ಹಿರಿಯರ ಹಾಡುಗಳನ್ನು ಮೊಬೈಲಿನಲ್ಲಾದರೂ ಧ್ವನಿಮುದ್ರಿಸಿಕೊಳ್ಳುವುದು, ಪ್ರತಿಯೊಂದು ಸಭೆಯೂ ತನ್ನ ಯುವಜನರಿಗೆ ಈ ವರ್ಷವೇ ಒಪ್ಪಿಸಬಹುದಾದ ಕೆಲಸ.